ಶೇರ್ಡ್ ಓನರ್‌ಶಿಪ್ ಫ್ಲಾಟ್, ಮೇಲಿನ ಮನೆಯವರ ಕಾಟ: ಅನುಭವ ಇದ್ದವರು ಹೇಳಿ

ಕೇಳಿದವರು, ಮಿಲ್ಟನ್ ಕೀನ್ಸ್, ಇಂಗ್ಲೆಂಡ್

ಎಲ್ಲರಿಗೂ ನಮಸ್ಕಾರ. ನಾವು ಇಲ್ಲಿ ಶೇರ್ಡ್ ಓನರ್‌ಶಿಪ್‌ನಲ್ಲಿ ಫ್ಲಾಟ್ ತೆಗೆದುಕೊಂಡಿದ್ದೇವೆ. ಶೇ. 40 ಪಾಲು ನಮ್ಮದು, ಉಳಿದದ್ದಕ್ಕೆ ಹೌಸಿಂಗ್ ಅಸೋಸಿಯೇಷನ್‌ಗೆ (ಮನೆ ಒದಗಿಸುವ ಲಾಭರಹಿತ ಸಂಸ್ಥೆ, ನಿವಾಸಿಗಳ ಸಂಘ ಅಲ್ಲ) ಬಾಡಿಗೆ ಕಟ್ಟುತ್ತೇವೆ. ಮೇಲಿನ ಮನೆಯಲ್ಲಿ ರಾತ್ರಿ ಎರಡರ ತನಕ ಜೋರು ಹಾಡು, ಕೂಗಾಟ. ಮೆಟ್ಟಿಲ ತುಂಬ ಗಾಂಜಾ ವಾಸನೆ. ಬಾಗಿಲು ತಟ್ಟಿ ಹೇಳಿದ್ದಕ್ಕೆ ನಮ್ಮ ಯಜಮಾನರಿಗೆ ಬಾಯಿಗೆ ಬಂದ ಹಾಗೆ ಬೈದರು. ಅಸೋಸಿಯೇಷನ್‌ಗೆ ಫೋನ್ ಮಾಡಿದರೆ "ನೀವು ಲೀಸ್‌ಹೋಲ್ಡರ್ (ದೀರ್ಘಾವಧಿ ಗುತ್ತಿಗೆಯಲ್ಲಿ ಮನೆ ಪಡೆದವರು), ನೀವೇ ಬಗೆಹರಿಸಿಕೊಳ್ಳಿ" ಅನ್ನುತ್ತಾರೆ. ಬಾಡಿಗೆ ನಿಲ್ಲಿಸಿದರೆ ತಾನಾಗಿ ಎಚ್ಚೆತ್ತುಕೊಳ್ಳುತ್ತಾರೆ ಅನ್ನುವುದು ಯಜಮಾನರ ವಾದ. ಏನು ಮಾಡುವುದು?

ಸ್ಲೌನಿಂದ

ನೋಡಮ್ಮ, ಬಾಡಿಗೆ ಮಾತ್ರ ನಿಲ್ಲಿಸಬೇಡಿ. ಎಷ್ಟೇ ಸಿಟ್ಟು ಬಂದರೂ ಬೇಡ. ಅರ್ಧ ಪಾಲು ಕೊಂಡಿದ್ದ ಒಬ್ಬ ಮಹಿಳೆ ಬಾಡಿಗೆ ಬಾಕಿ ಉಳಿಸಿಕೊಂಡು, 2007ರ ಒಂದು ತೀರ್ಪಿನಲ್ಲಿ ಮನೆಯ ಮೇಲಿನ ಹಕ್ಕನ್ನೇ ಕಳೆದುಕೊಂಡರು. ಆಮೇಲೆ ಕಾನೂನು ಬದಲಾಗಿದೆ, ನಿಜ. ಆದರೂ ಬಾಕಿಗಾಗಿ ಲೀಸ್ ರದ್ದು ಮಾಡಿಸಲು ಕೋರ್ಟಿಗೆ ಹೋಗುವ ದಾರಿ ಇದ್ದೇ ಇದೆ. ಅದೂ ಅಲ್ಲದೆ, ನೀವು ಬಾಕಿದಾರರಾದ ದಿನದಿಂದ ಪತ್ರಗಳೆಲ್ಲ ಬಾಕಿಯ ಬಗ್ಗೆಯೇ ಬರುತ್ತವೆ. ಮೇಲಿನ ಮನೆಯ ಗಲಾಟೆ ಯಾರಿಗೂ ನೆನಪಿರುವುದಿಲ್ಲ.

"ನೀವೇ ಬಗೆಹರಿಸಿಕೊಳ್ಳಿ" ಅನ್ನುವ ಉತ್ತರವನ್ನು ಒಪ್ಪಬೇಡಿ. ನಮಗೂ ಅದನ್ನೇ ಹೇಳಿದ್ದರು. ಆಂಟಿ-ಸೋಷಿಯಲ್ ಬಿಹೇವಿಯರ್ (ಎಎಸ್‌ಬಿ, ಅಂದರೆ ಸುತ್ತಲಿನವರಿಗೆ ಕಾಟ ಕೊಡುವ ನಡವಳಿಕೆ) ಬಗ್ಗೆ 2014ರಲ್ಲಿ ಬಂದ ಕಾಯ್ದೆಯಲ್ಲಿ ಹೌಸಿಂಗ್ ಅಸೋಸಿಯೇಷನ್‌ಗೂ ಕೋರ್ಟಿನಿಂದ ಇಂಜಂಕ್ಷನ್ (ತಡೆ ಆದೇಶ) ಕೇಳುವ ಅಧಿಕಾರ ಇದೆ. ಕಾಟ ಕೊಡುವವರು ಅವರ ಬಾಡಿಗೆದಾರರೇ ಆಗಿರಬೇಕು ಅಂತೇನೂ ಇಲ್ಲ. ನಿಮ್ಮ ಲೀಸ್ ತೆಗೆದು ನಿಧಾನವಾಗಿ ಓದಿ. ಅಕ್ಕಪಕ್ಕದವರಿಗೆ ತೊಂದರೆ ಕೊಡಬಾರದು ಅನ್ನುವ ಷರತ್ತು ಬಹುಮಟ್ಟಿಗೆ ಎಲ್ಲ ಲೀಸ್‌ನಲ್ಲೂ ಇರುತ್ತದೆ. ಒಬ್ಬ ಲೀಸ್‌ಹೋಲ್ಡರ್ ಕೇಳಿದರೆ ಇನ್ನೊಬ್ಬರ ಮೇಲೆ ಆ ಷರತ್ತನ್ನು ಜಾರಿ ಮಾಡುತ್ತೇವೆ ಅಂತ ಕೆಲವು ಲೀಸ್‌ಗಳಲ್ಲಿ ಬರೆದಿರುತ್ತಾರೆ. ಅದರ ಖರ್ಚು ಕೇಳಿದವರದು ಅಂತಲೂ ಇರಬಹುದು. ಅದನ್ನು ನೋಡಿಕೊಂಡೇ ಮುಂದೆ ಹೋಗಿ.

ಮೇಲಿನ ಮನೆ ಯಾರದು ಅನ್ನುವುದೂ ಗೊತ್ತಿರಬೇಕು. ಅಸೋಸಿಯೇಷನ್‌ನ ಬಾಡಿಗೆದಾರರಾ, ನಿಮ್ಮ ಹಾಗೆ ಪಾಲು ಕೊಂಡವರಾ, ಅಥವಾ ಪೂರ್ತಿ ಕೊಂಡು ಬೇರೆಯವರಿಗೆ ಬಾಡಿಗೆಗೆ ಕೊಟ್ಟವರಾ? ಲ್ಯಾಂಡ್ ರಿಜಿಸ್ಟ್ರಿಯಲ್ಲಿ (ಸರ್ಕಾರಿ ಆಸ್ತಿ ನೋಂದಣಿ ಕಚೇರಿ) 7 ಪೌಂಡ್ ಕಟ್ಟಿದರೆ ಮಾಲೀಕರ ವಿವರ ಸಿಗುತ್ತದೆ. ಪಾಲು ಕೊಂಡವರು ಒಪ್ಪಿಗೆ ಇಲ್ಲದೆ ಬೇರೆಯವರನ್ನು ಬಾಡಿಗೆಗೆ ಇಟ್ಟಿದ್ದರೆ ಸಾಮಾನ್ಯವಾಗಿ ಅದೇ ಲೀಸ್ ಉಲ್ಲಂಘನೆ. ಅಸೋಸಿಯೇಷನ್ ಅದನ್ನು ಸುಮ್ನೆ ಬಿಡಲಾರದು.

ಇನ್ನು ತುಂಬಾ ಜನ ಸಿಕ್ಕಿಹಾಕಿಕೊಳ್ಳುವ ಜಾಗ. ಗಲಾಟೆ ಆಯಿತು ಅಂತ ತಿಳಿಸುವುದೇ ಬೇರೆ, ಅಸೋಸಿಯೇಷನ್ ಮೇಲೆ ಔಪಚಾರಿಕ ದೂರು ಕೊಡುವುದೇ ಬೇರೆ. ನೀವು ನೂರು ಸಲ ಫೋನ್ ಮಾಡಿದರೂ ಅದು ಗಲಾಟೆಯ ವರದಿ ಅಷ್ಟೇ. "ನಾನು ತಿಳಿಸಿದ್ದಕ್ಕೆ ನೀವು ಸರಿಯಾಗಿ ಕ್ರಮ ತೆಗೆದುಕೊಂಡಿಲ್ಲ, ಇದನ್ನು ಸ್ಟೇಜ್ 1 (ಮೊದಲ ಹಂತದ) ದೂರು ಅಂತ ದಾಖಲಿಸಿ" ಅಂತ ಇಮೇಲ್‌ನಲ್ಲಿ ಬರೆಯಿರಿ. ಆಗ ಗಡಿಯಾರ ಓಡಲು ಶುರುವಾಗುತ್ತದೆ. 5 ಕೆಲಸದ ದಿನದಲ್ಲಿ ದೂರು ಬಂತು ಅಂತ ಒಪ್ಪಿಕೊಳ್ಳಬೇಕು, ಅಲ್ಲಿಂದ 10 ಕೆಲಸದ ದಿನದಲ್ಲಿ ಉತ್ತರ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಸ್ಟೇಜ್ 2, ಅದಕ್ಕೆ 20 ಕೆಲಸದ ದಿನ. ಹೌಸಿಂಗ್ ಒಂಬುಡ್ಸ್‌ಮನ್ (ಇಂಥ ಸಂಸ್ಥೆಗಳ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ) ಅವರ ಈ ನಿಯಮಗಳು 2024ರ ಏಪ್ರಿಲ್‌ನಿಂದ ಕಾನೂನಿನ ಪ್ರಕಾರವೇ ಕಡ್ಡಾಯ. ಸ್ಟೇಜ್ 2 ಮುಗಿದ ಮೇಲೂ ಆಗಲಿಲ್ಲವಾ, ನೇರವಾಗಿ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ದುಡ್ಡು ಕೊಡಬೇಕಾಗಿಲ್ಲ. ಪಾಲು ಕೊಂಡವರಿಗೂ ಆ ಹಕ್ಕು ಇದೆ.

ನಮ್ಮ ವಿಷಯದಲ್ಲಿ ಸ್ಟೇಜ್ 1 ದೂರು ಹೋದ ಮೇಲೇ ಒಬ್ಬ ಅಧಿಕಾರಿಯನ್ನು ನೇಮಿಸಿದರು. ಅವರು ಮೇಲಿನ ಮನೆಯವರನ್ನು ಕೂರಿಸಿ ನಡವಳಿಕೆಯ ಒಪ್ಪಂದಕ್ಕೆ ಸಹಿ ಹಾಕಿಸಿದರು. ಶಬ್ದ ಪೂರ್ತಿ ನಿಂತಿಲ್ಲ, ಆದರೆ ರಾತ್ರಿ ನಿದ್ದೆ ಮಾಡುತ್ತಿದ್ದೇವೆ.

ರೆಡಿಂಗ್‌ನಿಂದ

ಸ್ಲೌನವರು ಎಲ್ಲ ಹೇಳಿದ್ದಾರೆ. ನಾನು ದಾಖಲೆಯ ಬಗ್ಗೆ ಮಾತ್ರ ಸೇರಿಸುತ್ತೇನೆ. "ಯಾವಾಗಲೂ ಗಲಾಟೆ" ಅಂತ ಬರೆದರೆ ಯಾರೂ ಕೇಳುವುದಿಲ್ಲ. ತಾರೀಕು, ಶುರುವಾದ ಸಮಯ, ನಿಂತ ಸಮಯ, ಯಾವ ಕೋಣೆಗೆ ಕೇಳಿಸಿತು, ನಿಮಗೆ ಏನಾಯಿತು ಅಂತ ಬರೆದಿಡಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಲು ದಿ ನಾಯ್ಸ್ ಆ್ಯಪ್ ಬಳಸಿ ಅಂತ ಬಹಳ ಅಸೋಸಿಯೇಷನ್‌ಗಳು ಹೇಳುತ್ತವೆ.

ಕೌನ್ಸಿಲ್‌ನ (ಸ್ಥಳೀಯ ಆಡಳಿತ) ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗಕ್ಕೂ ಬರೆಯಿರಿ, ಶಬ್ದದ ದೂರು ನೋಡುವವರು ಅವರೇ. ರಾತ್ರಿ 11ರಿಂದ ಬೆಳಿಗ್ಗೆ 7ರ ತನಕದ ಶಬ್ದಕ್ಕೆ 1996ರ ನಾಯ್ಸ್ ಆಕ್ಟ್ ಬೇರೆಯೇ ಇದೆ. ಹೆಜ್ಜೆ ಸಪ್ಪಳ, ಮಗುವಿನ ಅಳು ಅಂಥದ್ದನ್ನು ಮಾತ್ರ ದೂರಿನಲ್ಲಿ ಬೆರೆಸಬೇಡಿ. ಅದು ದಿನನಿತ್ಯದ ಬಾಳಿನ ಸದ್ದು ಅಂತ ತೆಗೆದುಹಾಕುತ್ತಾರೆ, ಅದರ ಜೊತೆ ನಿಮ್ಮ ಗಟ್ಟಿಯಾದ ದೂರೂ ತೆಳುವಾಗುತ್ತದೆ.

ಗಾಂಜಾ, ಬೈಗುಳ ಪೊಲೀಸರ ವಿಷಯ. ತುರ್ತಲ್ಲದ ವಿಷಯಕ್ಕಿರುವ 101ಕ್ಕೆ ಫೋನ್ ಮಾಡಿ ರೆಫರೆನ್ಸ್ ನಂಬರ್ ಬರೆದುಕೊಳ್ಳಿ. ಹೊಡೆಯಲು ಬಂದರೆ ಯೋಚನೆ ಮಾಡದೆ 999. ಇನ್ನು ಮುಂದೆ ಯಾರೂ ಒಬ್ಬರೇ ಹೋಗಿ ಅವರ ಬಾಗಿಲು ತಟ್ಟಬೇಡಿ. ಯಜಮಾನರಿಗೂ ಹೇಳಿ.

6 ತಿಂಗಳಲ್ಲಿ 3 ಸಲ ತಿಳಿಸಿದರೂ ಏನೂ ಆಗದಿದ್ದರೆ ಎಎಸ್‌ಬಿ ಕೇಸ್ ರಿವ್ಯೂ (ಕೇಸಿನ ಮರುಪರಿಶೀಲನೆ) ಕೇಳಬಹುದು. ಕೌನ್ಸಿಲ್, ಪೊಲೀಸ್, ಅಸೋಸಿಯೇಷನ್ ಎಲ್ಲರೂ ಒಟ್ಟಿಗೆ ಕೂತು ನಿಮ್ಮ ಕೇಸು ನೋಡಬೇಕು. ಇದು ಇದೆ ಅನ್ನುವುದೇ ನಮ್ಮ ಜನರಿಗೆ ಗೊತ್ತಿಲ್ಲ. ಒಂದು ಘಟನೆ ನಡೆದರೆ ಒಂದು ತಿಂಗಳೊಳಗೆ ತಿಳಿಸಿಬಿಡಿ, ತಡವಾದರೆ ಲೆಕ್ಕಕ್ಕೆ ಬರದಿರಬಹುದು.

ಕೇಳಿದವರು

ತುಂಬಾ ಥ್ಯಾಂಕ್ಸ್. ಇವತ್ತೇ ಸ್ಟೇಜ್ 1 ಬರೆಯುತ್ತೇನೆ. ಒಂದು ಭಯ. ದೂರು ದಾಖಲಾದರೆ ಮುಂದೆ ಪಾಲು ಮಾರಲು ಕಷ್ಟ ಆಗುತ್ತದಾ?

ಲೂಟನ್‌ನಿಂದ

ನಾವು ಮಾರಿ ಬಂದವರು, ಅದಕ್ಕೆ ಹೇಳುತ್ತೇನೆ. ಮಾರುವಾಗ ಟಿಎ6 ಅನ್ನುವ ಫಾರ್ಮ್‌ನಲ್ಲಿ ನೆರೆಯವರ ಜೊತೆ ತಕರಾರು ಇದೆಯಾ ಅಂತ ಕೇಳುತ್ತಾರೆ. ದೂರು ಕೊಡದೆ ಸುಮ್ಮನಿದ್ದರೂ ತಕರಾರು ಇದ್ದದ್ದು ಇದ್ದದ್ದೇ, ಅಲ್ವಾ? ಮುಚ್ಚಿಟ್ಟರೆ ಕೊಂಡವರು ಆಮೇಲೆ ಪರಿಹಾರಕ್ಕೆ ಕೇಸು ಹಾಕಬಹುದು. ದೂರು ಕೊಟ್ಟು ಬಗೆಹರಿದಿದೆ ಅಂತ ಕಾಗದ ತೋರಿಸುವುದೇ ಒಳ್ಳೆಯದು. ನಾವು ಅಸೋಸಿಯೇಷನ್‌ನ ಕೊನೆಯ ಪತ್ರವನ್ನು ಸಾಲಿಸಿಟರ್ ಕೈಗೆ ಕೊಟ್ಟೆವು, ಕೊಂಡವರು ಎರಡು ಪ್ರಶ್ನೆ ಕೇಳಿ ಮುಂದುವರಿದರು.

ಮಾರುವ ಯೋಚನೆ ಇದ್ದರೆ ಲೀಸ್‌ನಲ್ಲಿ ನಾಮಿನೇಷನ್ ಅವಧಿ ನೋಡಿ. ಹಳೆಯ ಲೀಸ್‌ಗಳಲ್ಲಿ ಸಾಮಾನ್ಯವಾಗಿ 8 ವಾರ, 2021ರ ನಂತರದ ಹೊಸ ಮಾದರಿಯಲ್ಲಿ 4 ವಾರ. ಅಷ್ಟು ದಿನ ಕೊಳ್ಳುವವರನ್ನು ಹುಡುಕುವ ಹಕ್ಕು ಅಸೋಸಿಯೇಷನ್‌ದು. ಅದು ಮುಗಿದ ಮೇಲೇ ಏಜೆಂಟ್ ಮೂಲಕ ಹೊರಗೆ ಮಾರಬಹುದು.