ಉಸಿರಾಟ ಎಲ್ಲರಿಗೂ 20 ಅಂತಲೇ ಬರೀಬೇಕಾ?

ರಾತ್ರಿಪಾಳಿ:
ನಮಸ್ಕಾರ. ಬಿಎಸ್ಸಿ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿ 5 ತಿಂಗಳಾಯ್ತು. ಸರ್ಜರಿ ವಾರ್ಡ್. ಮೊನ್ನೆ ನೈಟ್ ಡ್ಯೂಟಿ, 34 ಪೇಷೆಂಟ್‌ಗಳಿಗೆ ನಾನು ಮತ್ತು ಒಬ್ಬ ಆಯಾ. ಕರುಳು ತೂತಾಗಿ ಆಪರೇಷನ್ ಆದವರೊಬ್ಬರು ಇದ್ದರು, 58 ವಯಸ್ಸು, ಎರಡನೇ ದಿನ. ರಾತ್ರಿ 12ಕ್ಕೆ ನೋಡಿದಾಗ ಬಿಪಿ 112/70, ಟೆಂಪರೇಚರ್ 99.2, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 95, ಪಲ್ಸ್ 114. ಪಲ್ಸ್ ಬಿಟ್ಟರೆ ಗಾಬರಿ ಆಗುವಂಥದ್ದು ಏನೂ ಇರಲಿಲ್ಲ. ಆದರೂ ಮನುಷ್ಯ ಯಾಕೋ ಸರಿಯಿಲ್ಲ ಅನ್ನಿಸಿತು. ಪದೇ ಪದೇ ಎದ್ದು ಕೂರುತ್ತಿದ್ದರು, ಹಸು ಕಟ್ಟಿಲ್ಲ, ಮನೆಗೆ ಹೋಗ್ಬೇಕು ಅಂತಿದ್ದರು. ನಿದ್ದೆಗಣ್ಣು ಅಂದುಕೊಂಡೆ. ಉಸಿರು ಪೂರ್ತಿ ಒಂದು ನಿಮಿಷ ಎಣಿಸಿದರೆ 28. ಚಾರ್ಟ್ ತಿರುಗಿಸಿ ನೋಡಿದರೆ ಎರಡು ದಿನದಿಂದ 20, 20, 20. ಅವರಿಗೆ ಮಾತ್ರ ಅಲ್ಲ, ವಾರ್ಡಿನ ಅಷ್ಟೂ ಜನಕ್ಕೂ 20!

ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ "ಸರ್, 14ನೇ ಬೆಡ್ ಸ್ವಲ್ಪ ರೆಸ್ಟ್‌ಲೆಸ್ ಇದ್ದಾರೆ" ಅಂದೆ. ಬಿಪಿ ಕೇಳಿದರು, ಹೇಳಿದೆ. "ನಾರ್ಮಲ್ ಅಲ್ವಾ, ಟ್ರಮಡಾಲ್ ಬರೆದಿದೆಯಲ್ಲ, ಕೊಡಿ" ಅಂತ ಇಟ್ಟುಬಿಟ್ಟರು. ಆ ನೋವಿನ ಔಷಧಿ ನಾನು ಕೊಡಲಿಲ್ಲ. ಮಂಪರು ಬಂದರೆ ಒಳಗೆ ಏನಾಗ್ತಿದೆ ಅಂತ ಗೊತ್ತೇ ಆಗಲ್ಲ ಅನ್ನೋ ಭಯ. 2 ಗಂಟೆಗೆ ಮತ್ತೆ ಫೋನ್ ಮಾಡಿದೆ, ಬೈಸಿಕೊಂಡೆ, ಆದರೆ ಬಂದರು. ಬೆಳಗಾಗುವಷ್ಟರಲ್ಲಿ ಪೇಷೆಂಟ್ ಐಸಿಯುಗೆ ಹೋದರು. ಹ್ಯಾಂಡೋವರ್ ಹೊತ್ತಿಗೆ ಸೀನಿಯರ್ ಒಬ್ಬರು "ಆರ್ಡರ್ ಇರೋ ಔಷಧಿ ಕೊಡದೇ ಇರೋಕೆ ನೀನ್ಯಾರು" ಅಂದರು. ನಾನು ಮಾಡಿದ್ದು ತಪ್ಪಾ?

ಹಳೇ ಸಿಸ್ಟರ್:
ತಪ್ಪಲ್ಲಮ್ಮ. ಆದರೆ ಒಂದು ಕೇಳ್ತೀನಿ, ಕೊಡದೇ ಇದ್ದದ್ದನ್ನು ಡಾಕ್ಟರಿಗೆ ಹೇಳಿದ್ಯಾ? ನರ್ಸ್ ನೋಟ್ಸ್‌ನಲ್ಲಿ ಬರೆದ್ಯಾ? ಅನುಮಾನ ಬಂದಾಗ ಔಷಧಿ ತಡೆಯುವ ಹಕ್ಕು ನಮಗೆ ಇದೆ, ಸುಮ್ಮನೆ ತಡೆದು ಕೂರುವ ಹಕ್ಕು ಇಲ್ಲ. ಆ ಮನುಷ್ಯನಿಗೆ ನಿಜವಾಗಿ ನೋವಿದ್ದರೆ ಎರಡು ಗಂಟೆ ಒದ್ದಾಡಿರ್ತಾರೆ, ಅದೂ ಲೆಕ್ಕಕ್ಕೆ ಬರುತ್ತೆ. "ಉಸಿರು 28 ಇದೆ ಸರ್, ನೀವು ನೋಡೋವರೆಗೆ ಟ್ರಮಡಾಲ್ ಕೊಡ್ತಿಲ್ಲ" ಅಂತ ಫೋನಿನಲ್ಲೇ ಹೇಳಿ, ಟೈಮ್ ಹಾಕಿ ಬರೆದುಬಿಡು. ನಾಳೆ ಯಾರು ಕೇಳಿದರೂ ನಿನ್ನ ಕೈಬರಹ ಇರುತ್ತೆ.

ಇನ್ನು ಆ 20ರ ಕಥೆ. 26 ವರ್ಷದಿಂದ ನೋಡ್ತಿದ್ದೀನಿ, ನಾನೂ ಬರೆದಿದ್ದೀನಿ, ಸುಳ್ಳು ಯಾಕೆ ಹೇಳಲಿ. ಬಿಪಿಗೆ ಮಷೀನಿದೆ, ಸ್ಯಾಚುರೇಷನ್‌ಗೆ ಬೆರಳಿಗೆ ಹಾಕೋ ಕ್ಲಿಪ್ ಇದೆ, ಜನರಲ್ ವಾರ್ಡಿನಲ್ಲಿ ಉಸಿರಿಗೆ ಮಾತ್ರ ನಮ್ಮ ಕಣ್ಣೇ ಗತಿ. ಬಿಪಿ ಬೀಳೋದು ಎಷ್ಟೋ ಸಲ ಕೊನೆಗೆ. ಅಲ್ಲಿವರೆಗೆ ರಕ್ತನಾಳ ಬಿಗಿಯಾಗಿ, ಹೃದಯ ಜೋರಾಗಿ ಹೊಡೆದು ಹೇಗೋ ಸಂಭಾಳಿಸುತ್ತೆ. ಜಾಸ್ತಿ ಉಸಿರಾಡಿ ಸ್ಯಾಚುರೇಷನ್‌ನೂ ದೇಹವೇ ಎತ್ತಿ ಹಿಡಿದಿರುತ್ತೆ. ಅದಕ್ಕೇ ಉಸಿರೇ ಮೊದಲು ಸುಳಿವು ಕೊಡೋದು ಜಾಸ್ತಿ. ಯೂರಿನ್ ಬ್ಯಾಗ್ ನೋಡಿದ್ಯಾ?

ರಾತ್ರಿಪಾಳಿ:
ಎರಡನೇ ಸಲ ಫೋನ್ ಮಾಡೋ ಮೊದಲು ನೋಡಿದೆ ಮೇಡಂ. 8 ಗಂಟೆಯಿಂದ 2ರವರೆಗೆ ಬರೀ 90 ಎಂಎಲ್, ತುಂಬಾ ಕಡಿಮೆ. ಅದನ್ನು ಹೇಳಿದ ಮೇಲೇ ಸರ್ ಬಂದಿದ್ದು. ಟ್ರಮಡಾಲ್ ಕೊಡದೇ ಇದ್ದದ್ದನ್ನು ಬರೆದಿರಲಿಲ್ಲ 😔

ಇಂಗ್ಲೆಂಡ್ ವಾಸಿ:
ನಾನು ಹಾಸನದ ಕಡೆಯವಳು, ಇಲ್ಲಿ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲಿ ನರ್ಸ್. ಇಲ್ಲಿ ಪೇಷೆಂಟ್ ಸ್ಥಿತಿ ಎಷ್ಟು ಕೆಡ್ತಿದೆ ಅಂತ ಅಳೆಯೋಕೆ ನ್ಯೂಸ್2 ಅಂತ ಒಂದು ಸ್ಕೋರ್ ಇದೆ, 2017ರಲ್ಲಿ ಬಂದದ್ದು. ನಿಮ್ಮ ಪೇಷೆಂಟ್‌ಗೆ ಹಾಕಿ ನೋಡಿದೆ. ಉಸಿರು 25 ಅಥವಾ ಮೇಲಿದ್ದರೆ 3. ಪಲ್ಸ್ 114ಕ್ಕೆ 2. ಸ್ಯಾಚುರೇಷನ್ 95ಕ್ಕೆ 1. ಬಿಪಿ, ಟೆಂಪರೇಚರ್ ಎರಡಕ್ಕೂ ಸೊನ್ನೆ. ಒಟ್ಟು 6. ಆದರೆ ನೀವು ನಿದ್ದೆಗಣ್ಣು ಅಂದುಕೊಂಡ ಆ ಹಸುವಿನ ಮಾತು ಇದೆಯಲ್ಲ, ಅದು ಹೊಸದಾಗಿ ಶುರುವಾದ ಗೊಂದಲ ಆಗಿದ್ದರೆ ಅದೊಂದಕ್ಕೇ ಇನ್ನೂ 3. ಒಟ್ಟು 9. ಇಲ್ಲಿ 7 ಅಥವಾ ಮೇಲಿದ್ದರೆ ಎಮರ್ಜೆನ್ಸಿ, ತಕ್ಷಣ ಟೀಮ್ ಬರಬೇಕು. ಬಿಪಿ ಒಂದನ್ನೇ ಕೇಳಿದವರಿಗೆ ಈ 9ರಲ್ಲಿ ಒಂದೂ ಕಾಣಿಸಲ್ಲ ನೋಡಿ.

ಗೊಂದಲ ಹೌದೋ ಅಲ್ವೋ ಅಂತ ಹೇಳೋರು ಪಕ್ಕದಲ್ಲಿ ಕೂತ ಮನೆಯವರು. "ಇವರು ಯಾವಾಗ್ಲೂ ಹೀಗೇ ಮಾತಾಡ್ತಾರಾಮ್ಮ?" ಅಂತ ಒಂದು ಮಾತು ಕೇಳಿ. ನಮ್ಮೂರಿನ ವಾರ್ಡುಗಳಲ್ಲಿ ಈ ಅನುಕೂಲ ಇದೆ, ಇಲ್ಲಿ ರಾತ್ರಿ ಹೊತ್ತು ಪಕ್ಕದಲ್ಲಿ ಮನೆಯವರು ಇರೋದು ಕಡಿಮೆ.

ಸರ್ಜರಿ ಪಿಜಿ:
ಫೋನಿನ ಆ ಕಡೆ ಇರೋನು ನಾನು (ನಿಮ್ಮ ಆಸ್ಪತ್ರೆಯವನಲ್ಲ). ರಾತ್ರಿ 12ಕ್ಕೆ "ಸ್ವಲ್ಪ ರೆಸ್ಟ್‌ಲೆಸ್" ಅಂದರೆ ನನ್ನ ತಲೆಗೆ ಬರೋದು ನೋವು, ಇಲ್ಲ ನಿದ್ದೆ ಬಂದಿಲ್ಲ ಅಂತ. ಹೀಗೆ ಹೇಳಿದ್ದರೆ ಎದ್ದು ಬರ್ತಿದ್ದೆ: "ಸರ್, ಬೆಡ್ 14, ಕರುಳಿನ ಆಪರೇಷನ್ ಆಗಿ ಎರಡನೇ ದಿನ. ಉಸಿರು ನಾನೇ ಎಣಿಸಿದೆ, 28. ಪಲ್ಸ್ 114, ಯೂರಿನ್ ಕಡಿಮೆ, ಏನೇನೋ ಮಾತಾಡ್ತಿದ್ದಾರೆ. ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೆಡೋದು) ಇರಬಹುದು ಅನ್ನಿಸ್ತಿದೆ. ಈಗಲೇ ಬಂದು ನೋಡಿ." ಎಸ್‌ಬಿಎಆರ್ (ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ಏನು ಮಾಡಬೇಕು, ಈ ಕ್ರಮದಲ್ಲಿ ಹೇಳೋದು) ಅಂತ ಕಾಲೇಜಲ್ಲಿ ಕಲಿಸ್ತಾರಲ್ಲ, ಅದೇ. ಬೈದಿದ್ದು ಅವರ ತಪ್ಪು, ಅದನ್ನು ಸಮರ್ಥಿಸಲ್ಲ. ಬರದೇ ಇದ್ದರೆ ನಮ್ಮ ಮೇಲಿನವರಿಗೆ ಫೋನ್ ಮಾಡಿ. ನಮಗೆ ಕೋಪ ಬರುತ್ತೆ, ಬರಲಿ ಬಿಡಿ.

ಜನರಲ್ ವಾರ್ಡ್:
ಎಲ್ಲ ಸರಿ, 34 ಜನಕ್ಕೆ ಒಂದೊಂದು ನಿಮಿಷ ಅಂದರೆ ಅರ್ಧ ಗಂಟೆ ಬರೀ ಎದೆ ನೋಡ್ಕೊಂಡು ನಿಲ್ಲಬೇಕು. ಐವಿ ಯಾರು ಹಾಕ್ತಾರೆ? ಸಿಬ್ಬಂದಿ ಕೊಡದೆ ನರ್ಸ್ ಮೇಲೆ ಹೊರಿಸೋದು ಸುಲಭ.

ಹಳೇ ಸಿಸ್ಟರ್:
ನಿಜ, ಆ ಜಗಳ ಬೇರೆ ಕಡೆ ಆಡಲೇಬೇಕು. ಅಲ್ಲಿವರೆಗೆ ನಾನು ಮಾಡೋದು ಇಷ್ಟು. ಹೊಸ ಆಪರೇಷನ್, ಜ್ವರ, ಹೊಸ ಅಡ್ಮಿಷನ್, ನೋವಿನ ಇಂಜೆಕ್ಷನ್ ತಗೊಂಡವರು, ಇವರನ್ನು ಮೊದಲು ಎಣಿಸ್ತೀನಿ. ಉಸಿರು ಒಂದೇ ಸಮ ಇದ್ದರೆ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸು, ಏರುಪೇರಿದ್ದರೆ ಪೂರ್ತಿ ನಿಮಿಷ. ಎಣಿಸ್ತೀನಿ ಅಂತ ಪೇಷೆಂಟ್‌ಗೆ ಹೇಳಬೇಡ, ಹೇಳಿದ ಕೂಡಲೇ ಉಸಿರಾಡೋ ರೀತಿನೇ ಬದಲಾಗುತ್ತೆ. ಪಲ್ಸ್ ನೋಡಿದ ಕೈ ಹಾಗೇ ಹಿಡ್ಕೊಂಡು ಎದೆ ನೋಡು. ಹೊದಿಕೆ ಸ್ವಲ್ಪ ಸರಿಸು, ಚಳಿಗಾಲದಲ್ಲಿ ಎರಡು ಕಂಬಳಿ ಹೊದ್ದಿರ್ತಾರೆ, ಏನೂ ಕಾಣಲ್ಲ. ಎಣಿಸೋಕೆ ಆಗಲೇ ಇಲ್ಲ ಅಂದರೆ ಆ ಕಾಲಮ್ ಖಾಲಿ ಬಿಡು. 20 ಬರೆಯಬೇಡ. ಖಾಲಿ ಇದ್ದರೆ ಮುಂದಿನ ಪಾಳಿಯವಳಾದರೂ ನೋಡ್ತಾಳೆ.

ರಾತ್ರಿಪಾಳಿ:
ಎಲ್ಲರಿಗೂ ಥ್ಯಾಂಕ್ಸ್. ಕರುಳಿಗೆ ಹೊಲಿಗೆ ಹಾಕಿದ ಜಾಗದಲ್ಲಿ ಲೀಕ್ ಆಗಿತ್ತಂತೆ, ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ದರು. ಇನ್ನೂ ಐಸಿಯುನಲ್ಲೇ ಇದ್ದಾರೆ. ನಿನ್ನೆ ಅವರ ಹೆಂಡತಿ ಸಿಕ್ಕಿದ್ದರು, ಹಸುವಿನ ಮಾತು ಕೇಳಿದೆ. ಹಸು ಮಾರಿ ನಾಲ್ಕು ವರ್ಷ ಆಯ್ತಂತೆ. ಅವತ್ತು ರಾತ್ರಿ ಅವರು ಪಕ್ಕದಲ್ಲೇ ಕೂತಿದ್ದರು, ನಾನು ಕೇಳಿರಲಿಲ್ಲ.