ತಿರುಗುವ ಚಕ್ರ ಏಕೆ ಬೀಳುವುದಿಲ್ಲ? ಪ್ರಿಸೆಷನ್ ಅನ್ನು ತರಗತಿಯಲ್ಲಿ ತೋರಿಸುವ ಬಗೆ

ಪ್ರಶ್ನೆ:
ವೇಗವಾಗಿ ತಿರುಗುತ್ತಿರುವ ಸೈಕಲ್ ಚಕ್ರದ ಆಕ್ಸಲ್‌ನ ಒಂದು ತುದಿಯನ್ನು ಹಗ್ಗಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಕೈಬಿಟ್ಟರೆ, ಚಕ್ರವು ಕೆಳಗೆ ಬೀಳದೆ ಹಗ್ಗದ ಸುತ್ತ ನಿಧಾನವಾಗಿ ಸುತ್ತುವುದನ್ನು (ಇದೇ ಪ್ರಿಸೆಷನ್) ವಿದ್ಯಾರ್ಥಿಗಳು ಬೆರಗಿನಿಂದ ನೋಡುತ್ತಾರೆ. ಆದರೆ ಬಲಗೈ ನಿಯಮವನ್ನು (ಬಲಗೈಯ ಬೆರಳುಗಳನ್ನು ತಿರುಗುವ ಕಡೆಗೆ ಮಡಿಸಿದಾಗ ಹೆಬ್ಬೆರಳು ತೋರುವುದೇ ಆ ತಿರುಗುವಿಕೆಯ ದಿಕ್ಕು ಎಂಬುದನ್ನು) ಹಲಗೆಯ ಮೇಲೆ ಬರೆಯತೊಡಗಿದೊಡನೆ ಅವರ ಗಮನ ಸಡಿಲವಾಗಿ, ತಿರುಗುವ ವಸ್ತುವಿನ ಮೇಲೆ ಗುರುತ್ವ ಕೆಲಸ ಮಾಡುವುದಿಲ್ಲ ಎಂಬ ತಪ್ಪು ತೀರ್ಮಾನವೇ ಕೆಲವರಲ್ಲಿ ಉಳಿದುಬಿಡುತ್ತದೆ. ಸೂತ್ರಕ್ಕೆ ಬರುವ ಮೊದಲು ಏನನ್ನು ತೋರಿಸುವುದು ಒಳಿತು?

ಉತ್ತರ 1:
ಆ ತಪ್ಪು ತೀರ್ಮಾನವನ್ನು ಮೊದಲು ನಿವಾರಿಸಿ. ಹಗ್ಗವನ್ನು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ತೂಗುಹಾಕಿದರೆ, ಆರಂಭದ ಅಲುಗಾಟ ನಿಂತ ಮೇಲೆ ತಕ್ಕಡಿಯು ನಿಶ್ಚಲ ಚಕ್ರದ ತೂಕವನ್ನೇ ತೋರಿಸುತ್ತದೆ. ಗುರುತ್ವ ಎಲ್ಲಿಗೂ ಹೋಗಿಲ್ಲವೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಬಳಿಕ ತಿರುಗದ ಚಕ್ರವನ್ನು ಅದೇ ರೀತಿ ಹಿಡಿದು ಕೈಬಿಡಿ. ಅದು ಬೀಳುತ್ತದೆ, ಅಂದರೆ ಹಗ್ಗದ ಕಟ್ಟಿನ ಮೂಲಕ ಹಾದುಹೋಗುವ, ಆಕ್ಸಲ್‌ಗೆ ಲಂಬವಾದ ಸಮತಲ ರೇಖೆಯೊಂದರ ಸುತ್ತ ತಿರುಗುತ್ತದೆ. ಗುರುತ್ವದ ಟಾರ್ಕ್ (ತಿರುಗಿಸುವ ಪ್ರಭಾವ) ಉಂಟುಮಾಡುವ ಕೋನೀಯ ಸಂವೇಗವು (ತಿರುಗುವಿಕೆಯ ಪ್ರಮಾಣ ಮತ್ತು ದಿಕ್ಕನ್ನು ಸೂಚಿಸುವ ರಾಶಿ) ಇರುವುದು ಆ ರೇಖೆಯ ದಿಕ್ಕಿನಲ್ಲಿಯೇ. ಚಕ್ರವು ತಿರುಗುತ್ತಿರುವಾಗಲೂ ಟಾರ್ಕ್ ಅದೇ, ಪ್ರತಿ ಕ್ಷಣ ಅದು ಸೇರಿಸುವ ಅಂಶವೂ ಅದೇ. ಆದರೆ ಈಗ ಆ ಸಣ್ಣ ಅಂಶವು ಆಕ್ಸಲ್‌ನ ಉದ್ದಕ್ಕೂ ಮೊದಲೇ ಇರುವ ದೊಡ್ಡ ಕೋನೀಯ ಸಂವೇಗಕ್ಕೆ ಅಡ್ಡಲಾಗಿ ಕೂಡುವುದರಿಂದ, ಆಕ್ಸಲ್ ಕೆಳಕ್ಕೆ ಬಾಗುವ ಬದಲು ಪಕ್ಕಕ್ಕೆ ಹೊರಳುತ್ತದೆ. ಈ ಎರಡು ಸನ್ನಿವೇಶಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಬಾಣಗಳನ್ನು ಬರೆದರೆ ಬಲಗೈ ನಿಯಮವು ಕಂಠಪಾಠದ ವಿಷಯವಾಗಿ ಉಳಿಯುವುದಿಲ್ಲ.

ಉತ್ತರ 2:
ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ವಿದ್ಯಾರ್ಥಿಗಳಿಂದ ಮೊದಲು ಊಹೆ ಪಡೆಯದೆ ಪ್ರಯೋಗ ತೋರಿಸುವುದು ಅರ್ಧ ವ್ಯರ್ಥ. ಚಕ್ರವನ್ನು ಹೆಚ್ಚು ವೇಗವಾಗಿ ತಿರುಗಿಸಿದರೆ ಪ್ರಿಸೆಷನ್ ಕೂಡ ವೇಗವಾಗುವುದೇ ಎಂದು ಕೇಳಿ, ಹೆಚ್ಚಿನವರು ಹೌದೆನ್ನುತ್ತಾರೆ. ಅಂಚಿನಲ್ಲೇ ಬಹುಪಾಲು ದ್ರವ್ಯರಾಶಿಯಿರುವ 2 ಕಿಲೋಗ್ರಾಂ ತೂಕದ, 30 ಸೆಂಟಿಮೀಟರ್ ತ್ರಿಜ್ಯದ ಚಕ್ರವನ್ನು ಅದರ ಮಧ್ಯದಿಂದ 15 ಸೆಂಟಿಮೀಟರ್ ದೂರದಲ್ಲಿ ತೂಗುಹಾಕಿ ಸೆಕೆಂಡಿಗೆ 4 ಸುತ್ತಿನಂತೆ ತಿರುಗಿಸಿದರೆ, ಲೆಕ್ಕದ ಪ್ರಕಾರ ಒಂದು ಪೂರ್ಣ ಪ್ರಿಸೆಷನ್‌ಗೆ 10 ಸೆಕೆಂಡಿಗೆ ಸ್ವಲ್ಪ ಕಡಿಮೆ ಸಮಯ ಬೇಕು. ಸೆಕೆಂಡಿಗೆ 2 ಸುತ್ತಾದರೆ ಅದರ ಅರ್ಧ ಸಾಕು. ಘರ್ಷಣೆಯಿಂದ ಚಕ್ರ ನಿಧಾನವಾದಂತೆ ಪ್ರಿಸೆಷನ್ ಚುರುಕಾಗುವುದನ್ನು ಗಡಿಯಾರ ಹಿಡಿದು ಅವರೇ ಅಳೆಯಲಿ.

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಇನ್ನೊಂದು ಪ್ರಯೋಗ. ಪಕ್ಕಕ್ಕೆ ಸಾಗುತ್ತಿರುವ ಆಕ್ಸಲ್‌ನ ಹೊರತುದಿಗೆ ಬೆರಳನ್ನು ಅಡ್ಡವಿಟ್ಟರೆ ಚಕ್ರವು ಕೂಡಲೇ ಕೆಳಗಿಳಿಯತೊಡಗುತ್ತದೆ. ಸಾಗುವ ದಿಕ್ಕಿನಲ್ಲೇ ಮೆಲ್ಲಗೆ ತಳ್ಳಿದರೆ ಮೇಲಕ್ಕೇಳುತ್ತದೆ. ಚಕ್ರ ಬೀಳದಿರುವುದೂ ಅದು ಪಕ್ಕಕ್ಕೆ ಸಾಗುವುದೂ ಬೇರೆ ಬೇರೆ ಸಂಗತಿಗಳಲ್ಲವೆಂಬುದು ಆಗ ಕಣ್ಣಿಗೇ ಕಾಣುತ್ತದೆ. ಬೆರಳು ಕಡ್ಡಿಗಳ ಹತ್ತಿರ ಸುಳಿಯದಂತೆ ಆಕ್ಸಲ್‌ಗೆ ಉದ್ದನೆಯ ಹಿಡಿಕೆ ಇರಲೇಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಕೈಬಿಟ್ಟ ಕ್ಷಣದಲ್ಲಿ ಆಕ್ಸಲ್ ನಿಶ್ಚಲವಾಗಿರುತ್ತದೆ, ಮರುಕ್ಷಣ ಲಂಬ (ಮೇಲೆ-ಕೆಳಗಿನ) ಅಕ್ಷದ ಸುತ್ತ ಸುತ್ತತೊಡಗುತ್ತದೆ. ಗುರುತ್ವದ ಟಾರ್ಕ್‌ಗೆ ಲಂಬ ಘಟಕವೇ ಇಲ್ಲದಿರುವಾಗ ಆ ಸುತ್ತಿಗೆ ಬೇಕಾದ ಕೋನೀಯ ಸಂವೇಗ ಎಲ್ಲಿಂದ ಬರುತ್ತದೆ?

ಉತ್ತರ 2:
ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹಾರಿಸಿಬಿಡುವ ಪ್ರಶ್ನೆಯಿದು. ಕೈಬಿಟ್ಟಾಗ ಚಕ್ರವು ನಿಜವಾಗಿಯೂ ತುಸು ಕೆಳಗಿಳಿಯುತ್ತದೆ. ಆಕ್ಸಲ್ ಹಾಗೆ ಬಾಗಿದ್ದರಿಂದ ಚಕ್ರದ ಸ್ವಂತ ಕೋನೀಯ ಸಂವೇಗಕ್ಕೆ ಸಣ್ಣದೊಂದು ಲಂಬ ಘಟಕ ಬರುತ್ತದೆ. ಪ್ರಿಸೆಷನ್‌ನ ಕೋನೀಯ ಸಂವೇಗವು ಅದಕ್ಕೆ ವಿರುದ್ಧ ದಿಕ್ಕಿನದಾಗಿದ್ದು, ಎರಡೂ ಸೇರಿ ಶೂನ್ಯವಾಗುತ್ತವೆ. ಆರಂಭದಲ್ಲಿ ಕಾಣುವ ಮೇಲೆ-ಕೆಳಗಿನ ಸಣ್ಣ ಓಲಾಟವೇ ನ್ಯೂಟೇಷನ್, ಅದು ಘರ್ಷಣೆಯಿಂದ ಬೇಗ ಅಡಗುತ್ತದೆ. ಚಕ್ರವನ್ನು ತುಸು ನಿಧಾನವಾಗಿ ತಿರುಗಿಸಿ ಕೈಬಿಟ್ಟರೆ ಈ ಓಲಾಟವು ಹಿಂದಿನ ಬೆಂಚಿನವರಿಗೂ ಕಾಣುವಷ್ಟು ದೊಡ್ಡದಾಗಿರುತ್ತದೆ.

ಉತ್ತರ 3:
ಸಮಯ ಉಳಿದರೆ ಭೂಮಿಯ ಉದಾಹರಣೆಯನ್ನೂ ಸೇರಿಸಬಹುದು. ಸೂರ್ಯ ಮತ್ತು ಚಂದ್ರರು ಭೂಮಿಯ ಸಮಭಾಜಕದ ಉಬ್ಬಿನ ಮೇಲೆ ಬೀರುವ ಟಾರ್ಕ್‌ನಿಂದ ಭೂಮಿಯ ಅಕ್ಷವು ಸುಮಾರು 26,000 ವರ್ಷಗಳಿಗೊಮ್ಮೆ ಒಂದು ಸುತ್ತು ಪ್ರಿಸೆಷನ್ ಹೊಂದುತ್ತದೆ. ಬುಗುರಿಯ ತಲೆಯು ಅದು ತಿರುಗುವ ದಿಕ್ಕಿನಲ್ಲೇ ಸುತ್ತಿದರೆ, ಭೂಮಿಯ ಅಕ್ಷವು ಭೂಮಿ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸುತ್ತುತ್ತದೆ. ಏಕೆಂದರೆ ಗುರುತ್ವವು ಓರೆಯಾದ ಬುಗುರಿಯನ್ನು ಇನ್ನಷ್ಟು ಓರೆ ಮಾಡಲು ಎಳೆಯುತ್ತದೆ, ಸೂರ್ಯ-ಚಂದ್ರರಾದರೋ ಓರೆಯಾದ ಭೂಮಿಯನ್ನು ನೆಟ್ಟಗೆ ನಿಲ್ಲಿಸಲು ಎಳೆಯುತ್ತಾರೆ. ಕಾರಣವನ್ನು ಹೇಳದೆ, ಟಾರ್ಕ್‌ನ ದಿಕ್ಕನ್ನು ಮಾತ್ರ ಬರೆದು ಇದನ್ನು ಪ್ರಶ್ನೆಯಾಗಿ ಕೊಟ್ಟುನೋಡಿ.