ಅಪ್‌ಡೇಟ್: ಗ್ರೀಸ್‌ಗೆ ಹೋಗಿ ಬಂದ್ವಿ

ಪುರಾತನ ಅವಶೇಷ, ದ್ವೀಪ ಸುತ್ತಾಟ, ಅಲ್ಲಿನ ಊಟ ಮೂರೂ ಒಂದೇ ರಜೆಯಲ್ಲಿ ಆಗುತ್ತಾ ಅಂತ ಕೇಳಿದ್ದೆನಲ್ಲ, ಆಗುತ್ತೆ. ಅಥೆನ್ಸ್ ನೋಡಿಕೊಂಡು ಅಲ್ಲಿನ ಬಂದರು ಪಿರೇಯಸ್‌ನಲ್ಲಿ ಹಡಗು ಹತ್ತಿ ನ್ಯಾಕ್ಸೋಸ್ ದ್ವೀಪದಲ್ಲೇ ಠಿಕಾಣಿ ಹೂಡಿದ್ವಿ. ದಿನಕ್ಕೊಂದು ದ್ವೀಪ ಬೇಡ ಅಂದವರಿಗೆ ದೊಡ್ಡ ಥ್ಯಾಂಕ್ಸ್.

ನ್ಯಾಕ್ಸೋಸ್ ಬಂದರಿನ ಪಕ್ಕದಲ್ಲೇ ಕ್ರಿ.ಪೂ. 6ನೇ ಶತಮಾನದಲ್ಲಿ ಶುರುವಾಗಿ ಅರ್ಧಕ್ಕೆ ನಿಂತ ಗುಡಿಯ ಅಮೃತಶಿಲೆ ಬಾಗಿಲು. ಗೋಡೆ ಇಲ್ಲ, ಚಾವಣಿ ಇಲ್ಲ, ಬರೀ ಚೌಕಟ್ಟು! ಪುರಾತನ ಅವಶೇಷಗಳ ದ್ವೀಪ ಡೀಲೋಸ್‌ಗೆ ಬೆಳಗಿನ ದೋಣಿಯಲ್ಲೇ ಹೋಗಿ. ರಾತ್ರಿ ಉಳಿಯೋಕೆ ಬಿಡಲ್ಲ, ನೆರಳಂತೂ ಕೇಳಲೇಬೇಡಿ. ಸಾಲಾಗಿ ಕೂತ ಸಿಂಹಗಳು ನಕಲು, ಆದರೂ ನೋಡಬೇಕು.

ಊಟಕ್ಕೆ ಹಳದಿ ಬೇಳೆ ಅರೆದ ಫಾವಾ, ಮೇಲೆ ಹಸಿ ಈರುಳ್ಳಿ, ಆಲಿವ್ ಎಣ್ಣೆ. ನ್ಯಾಕ್ಸೋಸ್‌ನ ಆಲೂಗಡ್ಡೆ, ಗ್ರಾವಿಯೆರಾ ಚೀಸ್ ಬಿಡಬೇಡಿ.

ಜುಲೈ-ಆಗಸ್ಟ್‌ನಲ್ಲಿ ಹೋಗೋರು ಒಂದು ದಿನ ಖಾಲಿ ಇಟ್ಕೊಳ್ಳಿ: ಮೆಲ್ಟೆಮಿ ಗಾಳಿ ಜೋರಾದರೆ ದೋಣಿ ರದ್ದು.